ಉಲ್ಲನ್ ಗೊಂಡೆಯ ಕೋಳಿಮರಿ

ಸೋದರಿಯರೇ, ನಿಮ್ಮ ಬೀರುವಿನ ಕೆಳಗಿನ ಖಾನೆಯನ್ನೊಮ್ಮೆ ತೆಗೆದು ನೋಡಿ. ಅಲ್ಲೊಂದು ಪ್ಲಾಸ್ಟಿಕ್ ಚೀಲ ಇದ್ದೇ ಇರುತ್ತದೆ. ಅದರೊಳಗೆ ಮುಷ್ಟಿಗಾತ್ರದ ಹಳದಿ ಉಲ್ಲನ್ ಉಂಡೆ, ಯಾರದೋ ಬಾಣಂತನಕ್ಕೆಂದು ತಂದು ಮಿಕ್ಕ ಬಿಳಿ ದಾರ, ಒಂದು ತೋಳಷ್ಟೇ ಮುಗಿದ ಸ್ವೆಟರು! ಎಸೆಯಲು ಮನಸ್ಸು ಬಾರದು. ಏನಾದರೂ ಹೆಣೆಯೋಣವೆಂದರೆ ಒಂದು ಟೋಪಿಗೂ ಸಾಲದು. ಹಬ್ಬಕ್ಕೆ ಮನೆ ಗುಡಿಸುವಾಗಲೆಲ್ಲ ಹೊರಗೆ ತೆಗೆದು, ಒದರಿ, ಮತ್ತೆ ಒಳಗಿಡುತ್ತೇವೆ. ನಾನೂ ಹಾಗೇ ಮಾಡುತ್ತಿದ್ದವಳು.

ನಮ್ಮ ಮನೆಯಲ್ಲಿ ಈ ಚೀಲ ಅತ್ತೆಯವರದು. ಮೈಸೂರಿನ ನಮ್ಮ ಬೀದಿಯಲ್ಲಿ ಅವರು ಹೆಣೆದ ಟೋಪಿ ಹಾಕಿಕೊಳ್ಳದೆ ಬೆಳೆದ ಮಗುವೇ ಇಲ್ಲವೆನ್ನಬಹುದು. ಕಡ್ಡಿ ಹಿಡಿದು ಕೂತರೆ ಬಾಯಲ್ಲಿ ಮಾತೂ ನಡೆಯುತ್ತಿತ್ತು, ಒಲೆಯ ಮೇಲಿನ ಹಾಲಿನ ಕಡೆಗೆ ಒಂದು ಕಣ್ಣೂ ಇರುತ್ತಿತ್ತು. ಅಂಥವರಿಗೆ ಗ್ಲಾಕೋಮಾ ಬಂತು. ಬಂದದ್ದು ಯಾವಾಗಲೋ, ನಮಗೆ ತಿಳಿದದ್ದು ತಡವಾಗಿ. ಈ ಕಾಯಿಲೆಯ ಕೆಟ್ಟ ಗುಣವೇ ಅದು. ಬಹಳ ಮಂದಿಗೆ ನೋವಿಲ್ಲ, ಉರಿಯಿಲ್ಲ. ಅಂಚಿನ ನೋಟ ಮೆಲ್ಲಗೆ ಕರಗುತ್ತಾ ಬರುತ್ತದೆ. ಪೊರೆ ಬಂದ ಕಣ್ಣಿಗೆ ಆಪರೇಷನ್ ಮಾಡಿಸಿದರೆ ನೋಟ ಮರಳುವುದುಂಟು. ಗ್ಲಾಕೋಮಾದಲ್ಲಿ ಹೋದದ್ದು ಹೋದಂತೆಯೇ. ಉಳಿದದ್ದನ್ನು ಕಾಪಾಡಿಕೊಳ್ಳಲು ದಿನವೂ ತಪ್ಪದೆ ಡ್ರಾಪ್ಸ್ ಹಾಕಬೇಕು. ನಲವತ್ತು ದಾಟಿದವರು, ಮನೆಯಲ್ಲಿ ಯಾರಿಗಾದರೂ ಇದು ಇದ್ದರಂತೂ, ಕಣ್ಣಿನ ಒತ್ತಡದ ಪರೀಕ್ಷೆ ಮಾಡಿಸಿಬಿಡಿ. ಕೋಳಿಮರಿಗೂ ಇದಕ್ಕೂ ಏನು ಸಂಬಂಧ ಎನ್ನಬೇಡಿ, ಬರೆಯದೆ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ.

"ಕುಣಿಕೆ ಲೆಕ್ಕ ತಪ್ತಾ ಇದೆ ಕಣೇ" ಎಂದು ಒಂದು ಸಂಜೆ ಕಡ್ಡಿ ಕೆಳಗಿಟ್ಟವರು ಮತ್ತೆ ಎತ್ತಲಿಲ್ಲ. ನನ್ನ ಮಗಳಿಗೆ ಹುಟ್ಟಲಿದ್ದ ಮಗುವಿಗೆಂದು ಹಾಕಿದ್ದ ಹಳದಿ ಸ್ವೆಟರು ಒಂದು ತೋಳಿಗೇ ನಿಂತಿತು. ನಾನು ಮುಗಿಸುತ್ತೇನೆಂದರೆ, "ನಿನ್ನ ಕೈ ಬಿಗಿ, ಅದು ಬೇರೆ ಥರಾ ಕಾಣತ್ತೆ, ಮುಟ್ಬೇಡ" ಎಂದರು. ಮಾತು ನಿಜವೇ. ಅಂದಿನಿಂದ ಮಧ್ಯಾಹ್ನದ ಹೊತ್ತು ಕೈ ಕಟ್ಟಿಕೊಂಡು ಸುಮ್ಮನೆ ಕೂರುವುದು ಅವರ ಪಾಡಾಯಿತು. ನಲವತ್ತು ವರ್ಷ ಬಿಡುವಿಲ್ಲದೆ ಆಡಿದ ಬೆರಳುಗಳು ಸೆರಗಿನ ತುದಿಯನ್ನು ಸುತ್ತುತ್ತಾ, ಬಿಚ್ಚುತ್ತಾ ಇರುತ್ತಿದ್ದವು. ನೋಡಿದವರಿಗೆ ಗೊತ್ತು ಆ ಸಂಕಟ.

ಮಗಳು ಮಗುವಿನೊಂದಿಗೆ ಬರುವವಳಿದ್ದಳು. ಹಳೆಯ ಟೋಪಿಯ ಮೇಲಿನ ಗೊಂಡೆ ನೋಡಿ ನನಗೆ ಕೋಳಿಮರಿಯ ನೆನಪಾಯಿತು. ನಾವು ಹೈಸ್ಕೂಲಿನಲ್ಲಿದ್ದಾಗ ಕ್ರಾಫ್ಟ್ ತರಗತಿಯಲ್ಲಿ ಮಾಡುತ್ತಿದ್ದೆವಲ್ಲ, ಎರಡು ಗೊಂಡೆ ಸೇರಿಸಿ, ಅದೇ. ರಟ್ಟು ಕತ್ತರಿಸುತ್ತಾ ಕೂತಿದ್ದೆ. ಅತ್ತೆ ಸದ್ದು ಕೇಳಿ, "ಏನೇ ಅದು?" ಎಂದರು. ಹೇಳಿದೆ. "ಸುತ್ತೋದಕ್ಕೆ ಲೆಕ್ಕ ಬೇಕಾ?" ಎಂದು ಕೇಳಿದರು. ಬೇಡ ಅತ್ತೆ, ತೂತು ಮುಚ್ಚೋ ತನಕ ಸುತ್ತಿದರಾಯ್ತು ಎಂದೆ. ಸುಮ್ಮನೆ ಕೈ ಚಾಚಿದರು.

ಈಗ ಮಾಡುವ ಬಗೆ ಹೇಳುತ್ತೇನೆ. ಒಂದು ಮರಿಗೆ ಅರ್ಧ ಉಂಡೆ ದಾರ, ಎಂದರೆ ಹೆಚ್ಚುಕಡಿಮೆ 25 ಗ್ರಾಂ ಇಟ್ಟುಕೊಳ್ಳಿ. ರಟ್ಟಿಗೆ ಅಂಗಡಿಗೆ ಹೋಗಬೇಡಿ, ದಪ್ಪ ಕಾಗದದ ಲಗ್ನಪತ್ರಿಕೆಗಳು ಮನೆಯಲ್ಲಿ ರಾಶಿ ಬಿದ್ದಿರುತ್ತವೆ. ಮೈಗೆ 8 ಸೆಂ.ಮೀ. ಅಗಲದ ಎರಡು ಬಿಲ್ಲೆ: ಲೋಟದ ಬಾಯಿಯನ್ನೇ ಇಟ್ಟು ಗೆರೆ ಎಳೆಯಿರಿ, ನಡುವೆ ಹತ್ತು ರೂಪಾಯಿ ನಾಣ್ಯ ಇಟ್ಟು ತೂತು ಗುರುತಿಸಿ. ತಲೆಗೆ 6 ಸೆಂ.ಮೀ.ಯ ಎರಡು ಬಿಲ್ಲೆ, ಅದಕ್ಕೆ ನಿಮ್ಮ ಬಳೆಯೇ ಅಳತೆ, ತೂತಿಗೆ ಒಂದು ರೂಪಾಯಿ ನಾಣ್ಯ. ಒಂದು ವಿಷಯ ಮೊದಲೇ ತಿಳಿದಿರಲಿ. ಗೊಂಡೆ ಬಿಲ್ಲೆಯಷ್ಟು ದೊಡ್ಡದಾಗಿ ಬರುವುದಿಲ್ಲ. ದಾರ ನಿಲ್ಲುವುದು ತೂತಿನಿಂದ ಅಂಚಿನವರೆಗಿನ ಪಟ್ಟಿಯಷ್ಟೇ ಉದ್ದ. ಹಾಗಾಗಿ 8 ಸೆಂ.ಮೀ. ಬಿಲ್ಲೆಯಲ್ಲಿ 5 ಸೆಂ.ಮೀ. ಚಿಲ್ಲರೆ ಚೆಂಡು, 6ರದ್ದರಲ್ಲಿ 4 ಸೆಂ.ಮೀ. ಚೆಂಡು ಬರುತ್ತದೆ. ಇದು ತಿಳಿಯದೆ ನಾನು ಮೊದಲು ಮಾಡಿದ ಮರಿ ಗುಬ್ಬಚ್ಚಿಯಷ್ಟಾಗಿ ಮನೆಯವರೆಲ್ಲ ನಕ್ಕರು.

ಎರಡು ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿ. ದಾರವನ್ನು ಒಂದೆರಡು ಮಾರು ಉದ್ದಕ್ಕೆ ತುಂಡು ಮಾಡಿ ಪುಟ್ಟ ಸುರುಳಿ ಮಾಡಿಕೊಂಡು, ತೂತಿನೊಳಗೆ ಹಾಕಿ ಹೊರಗಿನಿಂದ ತಂದು ಮತ್ತೆ ತೂತಿಗೆ ಹಾಕುತ್ತಾ ಸುತ್ತೂ ಬನ್ನಿ. ಗಂಟು ಬೇಡ. ತುಂಡು ಮುಗಿದಾಗ ಕೊನೆ ಹೊರ ಅಂಚಿಗೆ ಬರುವಂತೆ ಬಿಟ್ಟು, ಮುಂದಿನದನ್ನು ಅಲ್ಲಿಂದಲೇ ಶುರು ಮಾಡಿ. ಎಳೆದು ಬಿಗಿ ಮಾಡಬೇಡಿ, ರಟ್ಟು ಬಾಗುತ್ತದೆ. ಎಲ್ಲ ಕಡೆಯೂ ಒಂದೇ ದಪ್ಪ ಬರಬೇಕು. ಇದನ್ನು ಕಣ್ಣಿಗಿಂತ ಬೆರಳೇ ಚೆನ್ನಾಗಿ ಹೇಳುತ್ತದೆ. ಅತ್ತೆ ಆಗಾಗ ಹೆಬ್ಬೆರಳಿನಿಂದ ಸುತ್ತಲೂ ಸವರಿ, "ಈ ಕಡೆ ತೆಳ್ಳಗಿದೆ" ಎಂದು ಅಲ್ಲಿಗೇ ನಾಲ್ಕು ಸುತ್ತು ಹೆಚ್ಚು ಹಾಕುತ್ತಿದ್ದರು. ನಾನು ಕಣ್ಣಿಟ್ಟು ಸುತ್ತಿದ್ದು ಒಂದು ಕಡೆ ಉಬ್ಬಿತ್ತು, ಅವರದು ಲಿಂಬೆಹಣ್ಣಿನ ಹಾಗಿತ್ತು. ತೂತು ಕಿರಿದಾಗುತ್ತಾ ಬಂದಂತೆ ದಾರವನ್ನು ದಬ್ಬಣಕ್ಕೆ ಪೋಣಿಸಿ ಹಾಕಬಹುದು. ತೂತು ಪೂರ್ತಿ ತುಂಬುವವರೆಗೆ ಬಿಡಬೇಡಿ. ಬೇಗ ಮುಗಿಸುವ ಆಸೆಗೆ ಅರ್ಧ ತುಂಬಿಸಿದರೆ ಕೊನೆಗೆ ಸಿಗುವುದು ಕೋಳಿಮರಿಯಲ್ಲ, ಮಳೆಯಲ್ಲಿ ನೆಂದ ಕಾಗೆ.

ಕತ್ತರಿಸುವ ಕೆಲಸ ಕಣ್ಣಿದ್ದವರದು. ಹರಿತವಾದ ಕತ್ತರಿಯ ತುದಿಯನ್ನು ಎರಡು ಬಿಲ್ಲೆಗಳ ನಡುವಿನ ಸಂದಿಗೆ ತೂರಿಸಿ ಹೊರ ಅಂಚಿನ ಗುಂಟ ಸುತ್ತಲೂ ಕತ್ತರಿಸಿ. ಆಗ ನಡುವನ್ನು ಒತ್ತಿ ಹಿಡಿಯಲು ಇನ್ನೊಂದು ಜೊತೆ ಕೈ ಇದ್ದರೆ ಬಹಳ ಅನುಕೂಲ. ನಮ್ಮ ಮನೆಯಲ್ಲಿ ಹಿಡಿಯುವುದು ಅತ್ತೆ, ಕತ್ತರಿಸುವುದು ನಾನು. "ನನ್ನ ಬೆರಳು ಬಿಟ್ಟು ಕತ್ತರಿಸು ತಾಯಿ" ಎಂದು ಪ್ರತಿ ಸಲವೂ ಹೇಳುತ್ತಾರೆ.

ಇನ್ನು ಗಂಟು. ಗೊಂಡೆಯ ಜೀವವೆಲ್ಲ ಇಲ್ಲಿದೆ, ಸ್ವಲ್ಪ ನಿಧಾನವಾಗಿ ಓದಿ. ಬಿಲ್ಲೆಗಳನ್ನು ತುಸುವೇ ಅಗಲಿಸಿ ನಡುವೆ ದಾರ ಸುತ್ತಿ ಕಟ್ಟಬೇಕು. ಉಲ್ಲನ್ ದಾರದಲ್ಲೇ ಕಟ್ಟಬೇಡಿ, ಅದು ಎಳೆದರೆ ಹಿಗ್ಗುತ್ತದೆ, ಇಲ್ಲವೇ ಪಟಕ್ಕನೆ ಹರಿಯುತ್ತದೆ. ಹೂ ಕಟ್ಟುವ ದಾರವೂ ಆಗದು. ಗಟ್ಟಿ ನೂಲಿನ ದಾರವನ್ನು ಎರಡೆಳೆ ಮಾಡಿ ಎರಡು ಸುತ್ತು ಹಾಕಿ. ಮೊದಲ ಗಂಟು ಹಾಕುವಾಗ ದಾರವನ್ನು ಒಂದು ಸಲದ ಬದಲು ಎರಡು ಸಲ ಹೊರಳಿಸಿ ಎಳೆಯಿರಿ, ಆಗ ಎರಡನೆಯ ಗಂಟು ಹಾಕುವಷ್ಟರಲ್ಲಿ ಸಡಿಲವಾಗುವುದಿಲ್ಲ. ಮೇಲೆ ಇನ್ನೆರಡು ಗಂಟು. ದಾರದ ಕೊನೆಗಳನ್ನು ಗೇಣುದ್ದ ಬಿಡಿ, ಕತ್ತರಿಸಬೇಡಿ. ಆಮೇಲೆ ರಟ್ಟನ್ನು ಹರಿದು ತೆಗೆಯಿರಿ. ಗೊಂಡೆಯನ್ನು ಒದರಿ, ಎಳೆಗಳನ್ನು ಚಿಟಿಕೆಯಲ್ಲಿ ಹಿಡಿದು ಎಳೆದು ನೋಡಿ. ಒಂದೆರಡು ಬಂದರೆ ಪರವಾಗಿಲ್ಲ. ಗುಂಪಾಗಿ ಬಂದರೆ ಗಂಟು ಸಡಿಲವೆಂದೇ ಅರ್ಥ. ಅದನ್ನು ಮಗುವಿನ ಕೈಗೆ ಕೊಡಲೇಬಾರದು.

ತಲೆಯ ಗೊಂಡೆ, ಮೈಯ ಗೊಂಡೆ ಎರಡೂ ಆದ ಮೇಲೆ, ಉಳಿಸಿದ್ದ ಕೊನೆಗಳನ್ನು ಒಂದರ ಹೊಟ್ಟೆಯೊಳಗಿಂದ ಇನ್ನೊಂದಕ್ಕೆ ದಬ್ಬಣದಿಂದ ಎರಡು ಮೂರು ಸಲ ತೂರಿಸಿ ಬಿಗಿಯಾಗಿ ಗಂಟು ಹಾಕಿ, ಮಿಕ್ಕ ದಾರವನ್ನು ಒಳಗೇ ಹುದುಗಿಸಿ. ಕತ್ತರಿಯಿಂದ ಎತ್ತರ ತಗ್ಗು ಸರಿ ಮಾಡಿ. ಕತ್ತಿನ ಹತ್ತಿರ ಸ್ವಲ್ಪ ಹೆಚ್ಚು ಕತ್ತರಿಸಿದರೆ ಮರಿಗೆ ಕತ್ತು ಬಂದಂತಾಗುತ್ತದೆ. ಕೊಕ್ಕಿಗೆ ಕಿತ್ತಳೆ ಬಣ್ಣದ ಫೆಲ್ಟ್ ಬಟ್ಟೆಯ ಚೂರನ್ನು ಮಡಿಸಿ, ಮಡಿಕೆಯ ಮೇಲೆ ಹೊಲಿಯಿರಿ, ಅಂಟು ಬೇಡ. ಕಾಲಿಗೆಂದು ತಂತಿಯನ್ನು ಸೇರಿಸಬೇಡಿ. ಕಾಲಿಲ್ಲದೆಯೂ ಮರಿ ಚೆನ್ನಾಗಿಯೇ ಕೂರುತ್ತದೆ.

ಇನ್ನು ಕಣ್ಣು. ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಕರಿಮಣಿ ಸರ ಪೋಣಿಸಿ ಮಿಕ್ಕಿದ್ದ ಎರಡು ದಪ್ಪ ಮಣಿಗಳನ್ನು ಹೊಲಿದಿದ್ದೆ. ಪಳಪಳ ಹೊಳೆಯುವ ಕಣ್ಣು, ಎಲ್ಲರೂ ಎಷ್ಟು ಮೆಚ್ಚಿದರು! ಮಗುವಿಗೆ ಆಗ ಒಂದು ವರ್ಷ ಎರಡು ತಿಂಗಳು. ಮೂರನೆಯ ದಿನ ಸಂಜೆ ದೀಪ ಹಚ್ಚಿ ಬಂದು ನೋಡುತ್ತೇನೆ, ಮರಿಗೆ ಒಂದೇ ಕಣ್ಣು. ಮಗು ಬಾಯಿ ಆಡಿಸುತ್ತಾ ಕೂತಿದೆ. ನನ್ನ ಕೈಕಾಲು ತಣ್ಣಗಾದವು. ಮಗಳು ಮಗುವಿನ ಬಾಯಿಗೆ ಬೆರಳು ಹಾಕಿ ತಡಕಲು ಹೋದಳು. ಹಾಗೆ ಮಾಡಬಾರದು, ಕಣ್ಣಿಗೆ ಕಾಣದ ವಸ್ತುವನ್ನು ಬೆರಳು ಇನ್ನೂ ಒಳಕ್ಕೆ ತಳ್ಳಿಬಿಡಬಹುದು. ಇದು ನನಗೂ ಗೊತ್ತಾದದ್ದು ಆಮೇಲೆ. ಕೆಮ್ಮಿಲ್ಲ, ಏದುಸಿರಿಲ್ಲ, ಆದರೂ ಆಸ್ಪತ್ರೆಗೆ ಹೊರಡೋಣವೆಂದು ಇವರು ಆಟೋ ಕರೆಯಲು ಓಡಿದರು. ನಾವಿಬ್ಬರೂ ದೀಪದ ಕೆಳಗೆ ನೆಲವನ್ನೆಲ್ಲ ಹುಡುಕಿದೆವು, ಸಿಗಲಿಲ್ಲ. ಅತ್ತೆ ಮಾತ್ರ ಮಾತಾಡದೆ ಮಗುವಿನ ಕೌದಿಯನ್ನು ಮಡಿಲಿಗೆ ಎಳೆದುಕೊಂಡು, ಒಂದೊಂದೇ ಮಡಿಕೆಯನ್ನು ಬೆರಳಿಂದ ಸವರುತ್ತಾ ಬಂದರು. "ಇಕೋ" ಎಂದು ಅಂಗೈ ಮುಂದೆ ಮಾಡಿದರು. ಮಣಿ ಇತ್ತು.

ಆವತ್ತು ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನನ್ನ ಮಗಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೇ ಚೆನ್ನಾಗಿತ್ತು.

ಆದ್ದರಿಂದ ಸೋದರಿಯರೇ, ಮಣಿ, ಗುಂಡಿ, ಅಂಟಿಸುವ ಪ್ಲಾಸ್ಟಿಕ್ ಕಣ್ಣು ಯಾವುದೂ ಬೇಡ. ಕಪ್ಪು ಕಸೂತಿ ದಾರದಲ್ಲಿ ಕಣ್ಣು ಹೊಲಿಯಿರಿ. ಎಳೆಗಳ ನಡುವೆ ಬರಿದೇ ಹೊಲಿದರೆ ಕಣ್ಣು ಮುಳುಗಿಹೋಗುತ್ತದೆ. ಮೊದಲು ಆ ಜಾಗದ ಉಲ್ಲನ್ನನ್ನು ಸ್ವಲ್ಪ ಗಿಡ್ಡ ಮಾಡಿ, ತಲೆಯ ನಡುವಿನ ಗಂಟಿಗೇ ಸೂಜಿ ಸಿಕ್ಕಿಸಿ, ಈ ಕಡೆಯಿಂದ ಆ ಕಡೆಗೆ ಹಾಯಿಸುತ್ತಾ ದಪ್ಪ ಫ್ರೆಂಚ್ ನಾಟ್ ಹಾಕಿ. ಮಣಿಯಷ್ಟು ಹೊಳೆಯುವುದಿಲ್ಲ ನಿಜ. ನಮ್ಮ ದೇಶದಲ್ಲಿ ಅಂಗಡಿಯ ಆಟಿಕೆಗೆ 2021ರ ಜನವರಿ 1ರಿಂದ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಪರೀಕ್ಷೆಯಲ್ಲಿ ಸುಮಾರು 3.2 ಸೆಂ.ಮೀ. ಅಗಲದ ಪುಟ್ಟ ಕೊಳವೆಯೊಳಗೆ ಪೂರ್ತಿ ಕೂರುವ ಚೂರೇನಾದರೂ ಆಟಿಕೆಯಿಂದ ಕಳಚಿ ಬಂದರೆ, ಅದು ಮೂರು ವರ್ಷದೊಳಗಿನ ಮಕ್ಕಳಿಗೆ ತಕ್ಕದ್ದಲ್ಲ. ಮನೆಯಲ್ಲಿ ಮಾಡಿದ್ದನ್ನು ಪರೀಕ್ಷಿಸುವವರು ನಾವೇ ತಾನೆ? ಉಲ್ಲನ್ ಎಳೆ ಕೂಡ ಬಾಯಿಗೆ ಹೋಗುವಂಥದ್ದು, ಎಳೆಯ ಮಗುವಿನ ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಡದೆ ಊದಿಕೊಳ್ಳಲೂಬಹುದು. ಮೂರು ವರ್ಷ ತುಂಬುವ ತನಕ ಮರಿ ನಿಮ್ಮ ಕೈಯಲ್ಲಿರಲಿ, ಮಗು ನೋಡಿ ನಗಲಿ. ತೊಟ್ಟಿಲೊಳಗೆ ಇಡಬೇಡಿ.

ದಾರದ ಬಗ್ಗೆ ಎರಡು ಮಾತು. ಈಗ ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದು ಬಹುಪಾಲು ಅಕ್ರಿಲಿಕ್. ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ತೋರಿಸಿದರೆ ಗೊತ್ತಾಗುತ್ತದೆ. ನಿಜವಾದ ಉಣ್ಣೆಗೆ ಸುಟ್ಟ ಕೂದಲಿನ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಉಂಡೆಯಾಗುತ್ತದೆ. ಗೊಂಡೆಗೆ ಎರಡೂ ಸರಿ. ಅಕ್ರಿಲಿಕ್ಕಿಗೆ ಇಸ್ತ್ರಿ ಪೆಟ್ಟಿಗೆ ತಾಗಿಸಬೇಡಿ, ದೇವರ ದೀಪದ ಹತ್ತಿರವೂ ಇಡಬೇಡಿ. ಉಣ್ಣೆಗೆ ನುಸಿಯ ಕಾಟ ಉಂಟು, ಆದರೆ ಮಕ್ಕಳ ಆಟಿಕೆಯ ಜೊತೆ ಡಾಂಬರು ಗುಳಿಗೆ ಹಾಕಬಾರದು, ಒಣಗಿದ ಬೇವಿನೆಲೆ ಸಾಕು. ಕೊಳೆಯಾದರೆ ಸೋಪಿನ ಉಗುರುಬೆಚ್ಚನೆ ನೀರಲ್ಲಿ ಅದ್ದಿ ಹಿಚುಕಿ, ಹಿಂಡದೆ, ನೆರಳಲ್ಲಿ ಒಣಗಿಸಿ.

ನಮ್ಮ ಮನೆಯಲ್ಲಿ ಈಗ ಮಧ್ಯಾಹ್ನದ ಕಾಫಿಯಾದ ಮೇಲೆ ಅತ್ತೆಯ ಮಡಿಲಿಗೆ ಎರಡು ಬಿಲ್ಲೆ, ಒಂದು ಉಂಡೆ ಬಂದು ಕೂರುತ್ತವೆ. ದಸರಾ ಬೊಂಬೆಯ ಮುಂದೆ ಮಕ್ಕಳು ರಾಗಿ ಮೊಳಕೆ ಹಾಕಿ ಪಾರ್ಕು ಮಾಡುತ್ತಾರಲ್ಲ, ಅಲ್ಲಿ ಹನ್ನೊಂದು ಹಳದಿ ಮರಿಗಳು ಸಾಲಾಗಿ ಕೂತವು. ಪಕ್ಕದ ಮನೆಯ ಹುಡುಗಿಗೆ ಮೊಲ ಬೇಕಂತೆ. ಬಿಳಿ ದಾರದಲ್ಲಿ ಅದೇ ಎರಡು ಗೊಂಡೆ, ಮೇಲೆ ಫೆಲ್ಟಿನ ಎರಡು ಉದ್ದ ಕಿವಿ ಹೊಲಿದರೆ ಮೊಲವೇ. ಹನ್ನೆರಡನೆಯ ಮರಿ ಅರ್ಧದಲ್ಲಿರುವಾಗ ಹಳದಿ ದಾರ ಮುಗಿಯಿತು. ಅಂಗಡಿಯಿಂದ ತರುತ್ತೇನೆಂದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಒಂಟಿ ತೋಳಿನ ಸ್ವೆಟರು ಎಲ್ಲಿದೆ, ತಾ" ಎಂದರು.

ತಂದುಕೊಟ್ಟೆ. ಅಂಚು ಹುಡುಕಿ, ತಾವೇ ಎಳೆ ಬಿಡಿಸಿ, ನನ್ನ ಕೈಗೆ ಕೊಟ್ಟರು. ಬಿಚ್ಚಿದ ದಾರ ಸುರುಳಿ ಸುರುಳಿಯಾಗಿರುತ್ತದೆ. ಹೆಣೆಯುವುದಕ್ಕಾದರೆ ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಒದ್ದೆ ಮಾಡಿ, ಕೆಳಗೊಂದು ಭಾರ ತೂಗುಹಾಕಿ ಒಣಗಿಸಬೇಕು. ಗೊಂಡೆಗೆ ಅದೇನೂ ಬೇಡ, ಆ ಸುರುಳಿಯಿಂದಲೇ ಮರಿ ಇನ್ನಷ್ಟು ತುಪ್ಪುಳಾಗಿ ಬರುತ್ತದೆ. ನಾನು ಎಳೆಯುತ್ತಾ ಹೋದೆ, ಅವರು ಉಂಡೆ ಸುತ್ತುತ್ತಾ ಹೋದರು. ತೋಳು ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು. ನಾನು ನಿಲ್ಲಿಸಿದೆ.

"ಯಾಕೇ ನಿಲ್ಲಿಸ್ದೆ?" ಎಂದರು.