ಎಳೆ ತರಕಾರಿಗೂ ವೈನಿಗೂ ಹಗೆಯಿಲ್ಲ

ಏಪ್ರಿಲ್ ಬಂತೆಂದರೆ ಯುರೋಪಿನ ಸಂತೆಗಳ ಬಣ್ಣವೇ ಬದಲಾಗುತ್ತದೆ. ಚಳಿಗಾಲವಿಡೀ ಕೋಸು, ಗಡ್ಡೆ ತಿಂದು ಬೇಸತ್ತವರ ಮುಂದೆ ಆಸ್ಪರಾಗಸ್, ಆರ್ಟಿಚೋಕ್, ಎಳೆ ಬಟಾಣಿ, ಫಾವಾ ಬೀನ್ಸ್ ರಾಶಿ ಬೀಳುತ್ತವೆ. ಆಸ್ಪರಾಗಸ್ ನಮ್ಮ ಶತಾವರಿಯ ಬಳಗದ್ದು. ನೆಲದಿಂದ ಏಳುವ ಅದರ ಎಳೆ ಚಿಗುರನ್ನೇ ಬೇಯಿಸಿ ತಿನ್ನುತ್ತಾರೆ. ಆರ್ಟಿಚೋಕ್ ಎಂದರೆ ಮುಳ್ಳುಗಿಡವೊಂದರ ದಪ್ಪ ಮೊಗ್ಗು, ಅರಳುವ ಮುನ್ನವೇ ಕೊಯ್ದದ್ದು. ಇವೆರಡರ ಹೆಸರೆತ್ತಿದರೆ ಸಾಕು, ವೈನ್ ಬಲ್ಲವರೆನಿಸಿಕೊಂಡವರೂ ಹುಬ್ಬು ಗಂಟಿಕ್ಕುತ್ತಾರೆ. ಈ ತರಕಾರಿಗಳು ವೈನಿನ ಹಗೆಗಳು ಎಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ, ಬಾಯಿಂದ ಬಾಯಿಗೆ ಹರಿದುಬಂದಿದೆ. ಅದರಲ್ಲಿ ಹುರುಳೆಷ್ಟು, ಜೊಳ್ಳೆಷ್ಟು ಎಂದು ಒಂದೊಂದಾಗಿ ಕೇರಿ ನೋಡೋಣ.

ತಪ್ಪು ಕಲ್ಪನೆ 1: ಆಸ್ಪರಾಗಸ್ ಜೊತೆ ಯಾವ ವೈನೂ ಹೊಂದುವುದಿಲ್ಲ

ಸತ್ಯ: ಆಸ್ಪರಾಗಸ್ ಬೆಳೆಯುವ ಊರಿನವರು ಈ ಮಾತು ಕೇಳಿದರೆ ನಕ್ಕಾರು. ಜರ್ಮನಿಯಲ್ಲಿ ಏಪ್ರಿಲ್ ನಡುವಿನಿಂದ ಜೂನ್ 24ರ ಸಂತ ಜಾನ್ ಹಬ್ಬದವರೆಗೆ ಆಸ್ಪರಾಗಸ್ಸಿನದೇ ಕಾಲ. ಅಲ್ಲಿನವರಿಗೆ ಅಚ್ಚುಮೆಚ್ಚು ಬಿಳಿಯದು. ಅದು ಬೇರೆ ಗಿಡವಲ್ಲ. ಬಿಸಿಲು ತಾಗದಂತೆ ಮಣ್ಣು ಏರಿಸಿ ಬೆಳೆಸುವುದರಿಂದ ಚಿಗುರು ಹಸಿರಾಗುವುದಿಲ್ಲ, ಅಷ್ಟೆ. ಬೇಯಿಸಿದ ಆಸ್ಪರಾಗಸ್, ಆಲೂಗಡ್ಡೆ, ಕರಗಿದ ಬೆಣ್ಣೆ, ಪಕ್ಕದಲ್ಲಿ ಸಿಲ್ವಾನರ್ ದ್ರಾಕ್ಷಿಯ ಬಿಳಿ ವೈನ್: ಫ್ರಾಂಕೋನಿಯಾ ಪ್ರಾಂತ್ಯದಲ್ಲಿ ಇದು ತಲೆಮಾರುಗಳ ಊಟ. ಸಿಲ್ವಾನರ್ ಬಳ್ಳಿ ಅಲ್ಲಿನ ಕಾಸ್ಟೆಲ್ ಎಂಬ ಊರಿನಲ್ಲಿ ಬೇರೂರಿದ್ದು 1659ರಲ್ಲಿ. ಫ್ರಾನ್ಸಿನ ಅಲ್ಸಾಸ್‌ನಲ್ಲಿ ಇದೇ ತರಕಾರಿಗೆ ಸಿಹಿಯಿಲ್ಲದ ಮಸ್ಕಾ ವೈನ್, ಆಸ್ಟ್ರಿಯಾದಲ್ಲಿ ಗ್ರೂನರ್ ವೆಲ್ಟ್‌ಲೀನರ್ ಜೋಡಿ.

ಹಾಗಾದರೆ ಅಪವಾದ ಬಂದದ್ದೆಲ್ಲಿಂದ? ಆಸ್ಪರಾಗಸ್ಸಿನಲ್ಲಿ ಗಂಧಕದ ಸಂಯುಕ್ತಗಳಿವೆ, ಉಮಾಮಿ ಎಂದು ಕರೆಯುವ ರುಚಿಯೂ ಇದೆ. ಉಮಾಮಿ ನಾಲಗೆಯ ಮೇಲಿದ್ದಾಗ ವೈನಿನ ಹಣ್ಣಿನ ರುಚಿ ಕುಗ್ಗಿ, ಕಹಿಯೂ ಒಗರೂ ಎದ್ದು ಕಾಣುತ್ತವೆ. ಓಕ್ ಪೀಪಾಯಿಯಲ್ಲಿ ಬಹುಕಾಲ ಇಟ್ಟ, ಒಗರು ತರುವ ಟ್ಯಾನಿನ್ ತುಂಬಿದ ಗಾಢ ಕೆಂಪು ವೈನ್ ಜೊತೆ ತಿಂದವರಿಗೆ ಬಾಯಲ್ಲಿ ಲೋಹ ನೆಕ್ಕಿದಂತಾಗುವುದು ನಿಜ. ತಪ್ಪಿದ್ದು ಜೋಡಿ, ದೂರು ಬಿದ್ದದ್ದು ತರಕಾರಿಯ ಮೇಲೆ.

ತಪ್ಪು ಕಲ್ಪನೆ 2: ಆಸ್ಪರಾಗಸ್ ತಿಂದರೆ ಮೂತ್ರ ನಾರುತ್ತದೆ, ವೈನ್ ಕೆಡಿಸುವುದೂ ಅದೇ

ಸತ್ಯ: ಮೊದಲರ್ಧ ಸರಿ, ಎರಡನೆಯದು ಸಲ್ಲದು. ಆಸ್ಪರಾಗಸ್ಸಿನಲ್ಲಿರುವ ಆಸ್ಪರಾಗಸಿಕ್ ಆಮ್ಲವನ್ನು ದೇಹ ಒಡೆದಾಗ ಗಂಧಕದ ನಾತವುಳ್ಳ ವಸ್ತುಗಳು ಹುಟ್ಟುತ್ತವೆ. ಇದು ನಡೆಯುವುದು ತಿಂದ ಮೇಲೆ, ದೇಹದೊಳಗೆ. ಲೋಟ ತುಟಿಗೆ ತಾಗುವ ಹೊತ್ತಿನ ರುಚಿಗೂ ಅದಕ್ಕೂ ಸಂಬಂಧವಿಲ್ಲ. ವಂಶವಾಹಿಗಳ ವ್ಯತ್ಯಾಸದಿಂದ ಎಷ್ಟೋ ಜನರ ಮೂಗಿಗೆ ಈ ನಾತ ತಿಳಿಯುವುದೂ ಇಲ್ಲ.

ತಪ್ಪು ಕಲ್ಪನೆ 3: ಆರ್ಟಿಚೋಕ್ ವೈನನ್ನೇ ಹಾಳುಮಾಡುತ್ತದೆ

ಸತ್ಯ: ವೈನಿಗೆ ಏನೂ ಆಗುವುದಿಲ್ಲ. ಆಗುವುದೆಲ್ಲ ನಾಲಗೆಗೆ. ಆರ್ಟಿಚೋಕ್ ತಿಂದು ನೀರು ಕುಡಿದರೆ ಕೆಲವರಿಗೆ ಆ ನೀರೇ ಸಿಹಿಯಾಗುತ್ತದೆ. ಅಮೆರಿಕದ ವಿಜ್ಞಾನಿ ಲಿಂಡಾ ಬಾರ್ಟೊಶುಕ್ ಮತ್ತು ಸಂಗಡಿಗರು 1972ರಲ್ಲಿ ಇದರ ಜಾಡು ಹಿಡಿದರು: ಮೊಗ್ಗಿನಲ್ಲಿರುವ ಸೈನರಿನ್ ಮತ್ತು ಕ್ಲೋರೋಜೆನಿಕ್ ಆಮ್ಲದ ಲವಣ ನಾಲಗೆಯನ್ನು ಸ್ವಲ್ಪ ಹೊತ್ತು ಬದಲಿಸಿಬಿಡುತ್ತವೆ, ಆಮೇಲೆ ಬಂದದ್ದು ಸಿಹಿಯೆನಿಸುತ್ತದೆ. ನೀರಿಗೆ ಸಿಹಿ ಬಂದರೆ ಸೊಗಸು. ಆದರೆ ಹುಳಿಯೇ ಬೆನ್ನೆಲುಬಾದ ವೈನಿಗೆ ಬೇಡದ ಸಿಹಿ ಅಂಟಿದರೆ ಅದು ಸಪ್ಪೆ.

ರೋಮಿನವರು ಇದಕ್ಕೆಂದು ವೈನ್ ಬಿಡಲಿಲ್ಲ. ಅಡುಗೆಯಲ್ಲೇ ಉಪಾಯ ಕಂಡುಕೊಂಡರು. ಪುದೀನದಂಥ ಸೊಪ್ಪು, ಬೆಳ್ಳುಳ್ಳಿ ತುಂಬಿ ಆಲಿವ್ ಎಣ್ಣೆಯಲ್ಲಿ ಬೇಯಿಸುತ್ತಾರೆ. ಅಲ್ಲಿನ ಯಹೂದಿ ಕೇರಿಯ ಪದ್ಧತಿಯಂತೆ ಇಡೀ ಮೊಗ್ಗನ್ನು ಗರಿಗರಿಯಾಗಿ ಕರಿಯುವುದೂ ಉಂಟು. ಎಣ್ಣೆ, ಉಪ್ಪು, ನಿಂಬೆ ಸೇರಿದಾಗ ಜಗಳ ತಣ್ಣಗಾಗುತ್ತದೆ. ಪಕ್ಕದ ಗುಡ್ಡಗಳ ಫ್ರಸ್ಕಾಟಿಯಂಥ, ಪೀಪಾಯಿಯ ವಾಸನೆಯಿಲ್ಲದ, ಹುಳಿ ಚುರುಕಾದ ಬಿಳಿ ವೈನ್ ಸಾಕು.

ತಪ್ಪು ಕಲ್ಪನೆ 4: ವೈನಿನಲ್ಲಿ ಹಸಿ ತರಕಾರಿ ವಾಸನೆ ಬಂದರೆ ಏನೋ ಬೆರೆಸಿದ್ದಾರೆ

ಸತ್ಯ: ಬೆರೆಸಿದ್ದಲ್ಲ, ದ್ರಾಕ್ಷಿಯೊಳಗೇ ಇದ್ದದ್ದು. ದಪ್ಪ ಮೆಣಸಿನಕಾಯಿಯನ್ನು ಹೆಚ್ಚುವಾಗ ಮೂಗಿಗೆ ಹೊಡೆಯುವ ಆ ಹಸಿರು ವಾಸನೆಯ ಮೂಲ ಮೆಥಾಕ್ಸಿಪೈರಜೀನ್ ಗುಂಪಿನ ಒಂದು ಅಣು. ಅದೇ ಅಣು ಸೋವಿನ್ಯೋ ಬ್ಲಾಂ, ಕ್ಯಾಬರ್ನೆ ದ್ರಾಕ್ಷಿಗಳಲ್ಲೂ ಇದೆ. ಅದರ ಸೋದರ ಅಣು ಹಸಿ ಬಟಾಣಿಯಲ್ಲಿದೆ. ಒಂದು ಲೀಟರ್ ನೀರಿನಲ್ಲಿ ಸುಮಾರು 2 ನ್ಯಾನೋಗ್ರಾಂ, ಅಂದರೆ ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ಎರಡು ಪಾಲು ಇದ್ದರೂ ಮೂಗು ಗುರುತಿಸುತ್ತದೆ. ಹಣ್ಣು ಮಾಗಿದಷ್ಟೂ, ಗೊಂಚಲಿಗೆ ಬಿಸಿಲು ಬಿದ್ದಷ್ಟೂ ಇದು ಇಳಿಯುತ್ತದೆ. ಹಾಗಾಗಿ ತಂಪು ಸೀಮೆಯ ಸೋವಿನ್ಯೋದಲ್ಲಿ ಹಸಿರು ಹೆಚ್ಚು. ಬಟಾಣಿ, ಆಸ್ಪರಾಗಸ್ ಜೊತೆ ಅದು ಸಲೀಸಾಗಿ ಬೆರೆಯುವುದು ಈ ನೆಂಟಸ್ತಿಕೆಯಿಂದಲೇ.

ಗ್ರೂನರ್ ವೆಲ್ಟ್‌ಲೀನರಿನ ಕಾಳುಮೆಣಸಿನ ಘಾಟೂ ಇಂಥದ್ದೇ. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಶಿರಾಝ್ ವೈನಿನ ಮೆಣಸಿನ ಪರಿಮಳಕ್ಕೆ ಕಾರಣ ರೊಟಂಡೋನ್ ಎಂಬ ಅಣು ಎಂದು ತೋರಿಸಿದರು. ಗ್ರೂನರಿನಲ್ಲೂ, ನಮ್ಮ ಮಲೆನಾಡಿನಲ್ಲಿ ಬೆಳೆಯುವ ಕಾಳುಮೆಣಸಿನಲ್ಲೂ ಇರುವುದು ಅದೇ.

ತಪ್ಪು ಕಲ್ಪನೆ 5: ತರಕಾರಿಗೆ ಬಿಳಿ, ಮಾಂಸಕ್ಕೆ ಕೆಂಪು

ಸತ್ಯ: ನೋಡಬೇಕಾದದ್ದು ಬಣ್ಣವಲ್ಲ, ಒಗರು. ಫ್ರಾನ್ಸಿನ ಲುವಾರ್ ಕಣಿವೆಯ ಶಿನೋನ್ ಎಂಬಲ್ಲಿ ಕ್ಯಾಬರ್ನೆ ಫ್ರಾಂ ದ್ರಾಕ್ಷಿಯಿಂದ ಮಾಡುವ ಕೆಂಪು ವೈನಿಗೆ ಅದರದೇ ಹಸಿರು ಪರಿಮಳವಿದೆ. ಬೋಜೊಲೆ ಪ್ರಾಂತ್ಯದ ಗಮೆ ದ್ರಾಕ್ಷಿಯ ವೈನಿನಲ್ಲಿ ಟ್ಯಾನಿನ್ ಕಡಿಮೆ. ಇಂಥವನ್ನು ಸ್ವಲ್ಪ ತಂಪು ಮಾಡಿ, ಕೆಂಡದ ಮೇಲೆ ಸುಟ್ಟ ಆಸ್ಪರಾಗಸ್ ಜೊತೆ ಕೊಟ್ಟರೆ ಬಿಳಿಗೇನೂ ಕಡಿಮೆಯಿಲ್ಲ. ಸುಟ್ಟ ಅಂಚಿನ ಕಮರು ಕೆಂಪು ವೈನಿನ ಕಡೆಗೇ ವಾಲುತ್ತದೆ.

ತಪ್ಪು ಕಲ್ಪನೆ 6: ಹುಳಿ ಬಿದ್ದ ಸಲಾಡಿಗೆ ವೈನ್ ವರ್ಜ್ಯ

ಸತ್ಯ: ಊಟದಲ್ಲಿ ಹುಳಿಯಿದ್ದರೆ ವೈನಿನ ಹುಳಿ ಕಡಿಮೆಯೆನಿಸುತ್ತದೆ. ಮೊದಲೇ ಹುಳಿ ಕಡಿಮೆಯಿರುವ ವೈನಾದರೆ ನೀರುನೀರು. ಚುರುಕು ಹುಳಿಯದಾದರೆ ಹಣ್ಣಿನ ರುಚಿ ಮುಂದೆ ಬರುತ್ತದೆ. ವಿನೆಗರಿನ ತೊಂದರೆ ಮಾತ್ರ ಬೇರೆ: ಅದರ ಅಸಿಟಿಕ್ ಆಮ್ಲ ಆವಿಯಾಗಿ ಮೂಗಿಗೇರಿ, ಕೆಟ್ಟ ವೈನಿನ ನೆನಪು ತರುತ್ತದೆ. ಅದರ ಬದಲು ನಿಂಬೆ ಹಿಂಡಿದರೆ ಆಯಿತು.

ತಪ್ಪು ಕಲ್ಪನೆ 7: ಯುರೋಪಿನ ಜೋಡಿಗಳನ್ನು ನಮ್ಮ ಪಲ್ಯಕ್ಕೂ ಹಾಗೇ ಅನ್ವಯಿಸಬಹುದು

ಸತ್ಯ: ಒಂದೇ ಬಟಾಣಿ, ಆದರೆ ಅಲ್ಲಿ ಬೆಣ್ಣೆಯಲ್ಲಿ ಬಾಡುತ್ತದೆ, ಇಲ್ಲಿ ಹಸಿಮೆಣಸಿನಕಾಯಿ ಒಗ್ಗರಣೆಗೆ ಬೀಳುತ್ತದೆ. ಖಾರದ ಕ್ಯಾಪ್ಸೈಸಿನ್ ಬಾಯಿಯ ಯಾವ ಉರಿಗ್ರಾಹಕವನ್ನು ತಟ್ಟುತ್ತದೋ, ಆಲ್ಕೋಹಾಲೂ ಅದನ್ನೇ ತಟ್ಟುತ್ತದೆ. ಖಾರದ ಪಲ್ಯದ ಮೇಲೆ ಆಲ್ಕೋಹಾಲ್ ಹೆಚ್ಚಿರುವ ವೈನ್ ಕುಡಿದರೆ ಉರಿಯ ಮೇಲೆ ಉರಿ. ಆಲ್ಕೋಹಾಲ್ ಕಡಿಮೆಯಿದ್ದು ತುಸು ಸಿಹಿ ಉಳಿದ ರೀಸ್ಲಿಂಗ್ ಅಥವಾ ಶೆನಿನ್ ಬ್ಲಾಂ ಇಲ್ಲಿ ಗೆಲ್ಲುತ್ತದೆ. ತೆಂಗಿನತುರಿ ಹಾಕಿ ಖಾರ ತಗ್ಗಿಸಿದ ಎಳೆ ಹುರುಳಿಕಾಯಿ ಪಲ್ಯಕ್ಕಾದರೆ ನಂದಿ ಬೆಟ್ಟದ ಆಸುಪಾಸಿನಲ್ಲೇ ತಯಾರಾಗುವ ಸೋವಿನ್ಯೋ ಬ್ಲಾಂ ಸಾಲದೆನಿಸದು.

ಈ ಏಳರ ಹಿಂದಿರುವುದು ಒಂದೇ ಎಡವಟ್ಟು: ತರಕಾರಿಯ ಹೆಸರು ಕೇಳಿದ ಕೂಡಲೇ ತೀರ್ಪು ಕೊಡುವುದು. ವೈನ್ ಆರಿಸುವ ಮುನ್ನ ಕೇಳಬೇಕಾದ ಪ್ರಶ್ನೆ ‘ಇವತ್ತು ಏನು ತರಕಾರಿ’ ಎಂದಲ್ಲ, ‘ಅದನ್ನು ಏನು ಮಾಡಿದ್ದೀರಿ’ ಎಂದು. ಬೆಣ್ಣೆಯೋ ನಿಂಬೆಯೋ, ಸುಟ್ಟದ್ದೋ ಬೇಯಿಸಿದ್ದೋ, ಖಾರ ಎಷ್ಟು ಎಂಬ ಉತ್ತರ ಸಿಕ್ಕಿತೆಂದರೆ ಬಾಟಲಿ ಆರಿಸುವ ಕೆಲಸ ಮುಕ್ಕಾಲು ಮುಗಿದಂತೆ.