ಕಿಸೆಯಲ್ಲಿ ಕುಳಿತ ಕಿವಿ

ಟೊರೊಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಎಂಬ ಸಂಶೋಧನಾ ಕೇಂದ್ರವು 2020ರ ಆಗಸ್ಟ್‌ನಲ್ಲಿ ಪ್ರಕಟಿಸಿದ ವರದಿಯೊಂದನ್ನು ನಮ್ಮ ಕುಟುಂಬಗಳು ಅರಿತಿರುವುದು ಒಳ್ಳೆಯದು. ಪಶ್ಚಿಮ ಆಫ್ರಿಕದ ಪುಟ್ಟ ದೇಶವಾದ ಟೋಗೊದಲ್ಲಿ ಬಿಷಪರ ಮಂಡಳಿಯ ಅಧ್ಯಕ್ಷರಾಗಿದ್ದ ಅತಿ ವಂದನೀಯ ಬೆನ್ವಾ ಅಲೊವೊನು ಹಾಗೂ ಅಲ್ಲಿನ ಒಬ್ಬ ಧರ್ಮಗುರುಗಳ ಮೊಬೈಲ್ ಫೋನುಗಳು 2019ರಲ್ಲಿ ಗೂಢಚರ್ಯೆಗೆ ಗುರಿಯಾಗಿದ್ದವೆಂದು ಆ ವರದಿ ತಿಳಿಸಿತು. ದೇಶದ ಆಡಳಿತದಲ್ಲಿ ಸುಧಾರಣೆ ಬೇಕೆಂದು ಬಹಿರಂಗವಾಗಿ ನುಡಿದವರು ಇವರು.

ಬಳಸಿದ ಅಸ್ತ್ರ ಇಸ್ರೇಲಿನ ಎನ್‌ಎಸ್‌ಒ ಸಂಸ್ಥೆ ತಯಾರಿಸಿದ ‘ಪೆಗಾಸಸ್’. ವಾಟ್ಸಾಪ್‌ನ ಕರೆ ವ್ಯವಸ್ಥೆಯಲ್ಲಿದ್ದ ದೋಷವೊಂದು ಅದಕ್ಕೆ ಬಾಗಿಲಾಯಿತು. ಬಂದ ಕರೆಯನ್ನು ಸ್ವೀಕರಿಸಬೇಕೆಂದೂ ಇರಲಿಲ್ಲ. ಜಗತ್ತಿನಾದ್ಯಂತ ಸುಮಾರು 1,400 ಮಂದಿ ಹೀಗೆ ಗುರಿಯಾದರು. ಭಾರತದ ಪತ್ರಕರ್ತರೂ ವಕೀಲರೂ ಅವರಲ್ಲಿದ್ದರು. ಅಪರಾಧ ತಡೆಗಾಗಿ ಸರಕಾರಗಳಿಗಷ್ಟೇ ಮಾರುತ್ತೇವೆ ಎಂಬುದು ಸಂಸ್ಥೆಯ ವಾದ. ವಾಟ್ಸಾಪ್ ಹೂಡಿದ ದಾವೆಯಲ್ಲಿ ಅಮೆರಿಕದ ನ್ಯಾಯಾಲಯವು 2024ರ ಡಿಸೆಂಬರಿನಲ್ಲಿ ಎನ್‌ಎಸ್‌ಒ ಹೊಣೆಗಾರನೆಂದು ತೀರ್ಮಾನಿಸಿತು.

ವಾಟ್ಸಾಪ್ ಸಂದೇಶಗಳು ಗೂಢಲಿಪಿಯಲ್ಲಿ ಸಾಗುತ್ತವಲ್ಲ ಎಂದು ಕೆಲವರು ಕೇಳಬಹುದು. ನಿಜ, ದಾರಿಯಲ್ಲಿ ಯಾರೂ ಓದಲಾರರು. ಆದರೆ ಅರಗುಮುದ್ರೆಯ ಕಾಗದವನ್ನು ಒಡೆಯನೇ ಬಿಡಿಸಿ ಓದುವಾಗ ಹೆಗಲ ಹಿಂದೆ ನಿಂತವನಿಗೂ ಅಕ್ಷರ ಕಾಣಿಸುತ್ತದೆ. ಫೋನಿನೊಳಗೇ ಸೇರಿಕೊಂಡ ತಂತ್ರಾಂಶ ನಿಲ್ಲುವುದು ಅಲ್ಲಿಯೇ. ಮೈಕನ್ನು ತಾನಾಗಿ ತೆರೆದು ಕೋಣೆಯ ಮಾತನ್ನೂ ಆಲಿಸಬಲ್ಲದು.

ಪಾಪನಿವೇದನೆಯು ಫೋನಿನ ಮೂಲಕ ನಡೆಯಲಾರದೆಂದು ವ್ಯಾಟಿಕನ್ ವಕ್ತಾರರು 2011ರಲ್ಲಿಯೇ ಸ್ಪಷ್ಟಪಡಿಸಿದ್ದರು. ಆದರೂ ದಾಂಪತ್ಯದ ಬಿರುಕು, ಮಗನ ಕುಡಿತ, ಸಾಲದ ಹೊರೆ ಇವನ್ನೆಲ್ಲ ಧರ್ಮಗುರುಗಳಿಗೆ ಫೋನಿನಲ್ಲಿಯೇ ತಿಳಿಸುವವರು ನಮ್ಮಲ್ಲಿ ಬಹುಮಂದಿ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರ ಫೋನಿನಲ್ಲಿ ನೆರವು ಪಡೆದ ಕುಟುಂಬಗಳ ಹೆಸರುಗಳಿರಬಹುದು. ‘ನನ್ನಲ್ಲಿ ಮುಚ್ಚಿಡುವಂಥದ್ದೇನಿದೆ?’ ಎಂಬ ಮಾತನ್ನು ನಾವು ಒಪ್ಪಲಾರೆವು. ಮುಚ್ಚಿಡಬೇಕಾದುದು ಪರರದು.

ಪೆಗಾಸಸ್‌ನಂಥ ದುಬಾರಿ ಅಸ್ತ್ರ ನಮ್ಮ ಮನೆಗಳತ್ತ ಬರುವುದು ಅಪರೂಪ. ಇಲ್ಲಿ ಬರುವುದು ಮದುವೆಯ ಆಮಂತ್ರಣ ಅಥವಾ ವಾಹನ ದಂಡದ ಚೀಟಿಯ ವೇಷದ ‘ಎಪಿಕೆ’ ಕಡತ. ಅದನ್ನು ಒತ್ತಿ ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟರೆ ಬ್ಯಾಂಕಿನ ಒಟಿಪಿ ಪರರ ಪಾಲು. ನಿಜವಾದ ಆಮಂತ್ರಣ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ; ತಂತ್ರಾಂಶವಾಗಿ ಬರುವುದಿಲ್ಲ. ‘*21*’ ಅಥವಾ ‘*401*’ ಎಂದು ಆರಂಭವಾಗುವ ಸಂಖ್ಯೆಯನ್ನು ಒತ್ತಲು ಅಪರಿಚಿತರು ಹೇಳಿದರೆ ಒತ್ತಬಾರದು. ನಮ್ಮ ಕರೆಗಳು ಅವರತ್ತ ತಿರುಗುತ್ತವೆ. ತಿರುಗಿರುವ ಶಂಕೆಯಿದ್ದಲ್ಲಿ ‘##002#’ ಒತ್ತಿ ರದ್ದುಪಡಿಸಬಹುದು. ವಾಟ್ಸಾಪ್‌ನ ‘ಲಿಂಕ್ಡ್ ಡಿವೈಸಸ್’ ಎಂಬಲ್ಲಿ ಅಪರಿಚಿತ ಯಂತ್ರ ಕಂಡುಬಂದರೆ ಕೂಡಲೇ ತೆಗೆದುಹಾಕಬೇಕು.

ಗಲ್ಫ್‌ನಿಂದ ರಜೆಯಲ್ಲಿ ಬರುವ ಮಕ್ಕಳಿಗೆ ವಿಶೇಷವಾಗಿ ಒಂದು ಮಾತು. ತಾವು ಬಳಸಿ ಬಿಟ್ಟ ಫೋನನ್ನು ಪ್ರೀತಿಯಿಂದಲೇ ತಂದೆತಾಯಿಗೆ ಕೊಡುತ್ತಾರೆ. ಅದಕ್ಕೆ ಕಂಪೆನಿಯ ಭದ್ರತಾ ಅಪ್‌ಡೇಟ್ ಇನ್ನೂ ಬರುತ್ತಿದೆಯೇ ಎಂದು ನೋಡುವವರು ವಿರಳ. ವಾಟ್ಸಾಪ್‌ನ ಆ ದೋಷ ಸರಿಹೋದದ್ದೂ 2019ರ ಮೇ ತಿಂಗಳ ಅಪ್‌ಡೇಟ್‌ನಿಂದಲೇ. ಅಪ್‌ಡೇಟ್ ನಿಂತುಹೋದ ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ಇಟ್ಟುಕೊಳ್ಳದಿರುವುದು ಲೇಸು.

ಈಗಾಗಲೇ ಹಣ ಹೋಗಿದ್ದರೆ ಮಕ್ಕಳು ಗದರಿಯಾರೆಂದು ಹಿರಿಯರು ಮುಚ್ಚಿಡುವುದುಂಟು. ಆ ತಡವೇ ವಂಚಕರಿಗೆ ಅನುಕೂಲ. ತಕ್ಷಣ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿದರೆ ಹಣವು ಮುಂದಿನ ಖಾತೆಗೆ ದಾಟುವ ಮೊದಲೇ ತಡೆಹಿಡಿಯಲು ಅವಕಾಶವಿದೆ.