ತುಕ್ಕು ಹಿಡಿಯದ ಉಕ್ಕೂ ಸವೆಯುತ್ತದೆ!

ಚನ್ನರಾಯಪಟ್ಟಣ, ಅರಕಲಗೂಡು ಕಡೆಯ ತೋಟಗಳಲ್ಲಿ ಕೊಳವೆಬಾವಿಯ ಮೋಟಾರು ಮೇಲೆತ್ತಿ ಪಂಪನ್ನು ಬಿಚ್ಚುವುದನ್ನು ನೀವು ನೋಡಿರಬಹುದು. ಅದರ ಸ್ಟೇನ್‌ಲೆಸ್ ಸ್ಟೀಲ್ ಶಾಫ್ಟಿನಲ್ಲಿ ತುಕ್ಕಿನ ಸುಳಿವೂ ಇರುವುದಿಲ್ಲ. ಆದರೆ ಬುಷ್ ಕೂರುವ ಜಾಗದಲ್ಲಿ ಬೆರಳಾಡಿಸಿದರೆ ಉಗುರು ಸಿಕ್ಕಿಕೊಳ್ಳುವಷ್ಟು ಗೀರುಗಳು! ಹೊಳೆನರಸೀಪುರದಲ್ಲಿ ಹೇಮಾವತಿ ದಂಡೆಯ ಪಂಪ್‌ಸೆಟ್ಟುಗಳ ಕಥೆಯೂ ಇದೇ. ಇದು ನೀರಿನೊಂದಿಗೆ ಬರುವ ಮರಳಿನ ಕೆಲಸ. ಮರಳಿನಲ್ಲಿರುವ ಬೆಣಚುಕಲ್ಲಿನ ಗಡಸುತನ ವಿಕರ್ಸ್ ಮಾನದಲ್ಲಿ ಸಾವಿರದ ಆಸುಪಾಸು. ನಮ್ಮ ಅಡುಗೆಮನೆಯ ಪಾತ್ರೆಗಳ 304 ಜಾತಿಯ ಉಕ್ಕಿನದು ಸುಮಾರು 200. ಶಾಫ್ಟಿಗೆ ಬಳಸುವ 410 ಜಾತಿ ಇನ್ನಷ್ಟು ಗಡಸು, ಆದರೂ ಬೆಣಚಿಗೆ ಸಾಟಿಯಲ್ಲ.

ಈ ಉಕ್ಕನ್ನು ತುಕ್ಕಿನಿಂದ ಕಾಯುವುದು ಅದರಲ್ಲಿರುವ ಕ್ರೋಮಿಯಂ. 304ರಲ್ಲಿ ಅದು ಶೇಕಡ 18ರಷ್ಟಿದೆ. ಗಾಳಿ ತಗುಲಿದೊಡನೆ ಕೆಲವೇ ನ್ಯಾನೋಮೀಟರ್ ದಪ್ಪದ ಕ್ರೋಮಿಯಂ ಆಕ್ಸೈಡ್ ಪೊರೆ ಮೂಡುತ್ತದೆ; ಗೀಚಿದರೆ ಮತ್ತೆ ಮೂಡುತ್ತದೆ. ಪೊರೆ ತುಕ್ಕನ್ನು ತಡೆಯುತ್ತದೆಯೇ ಹೊರತು ಸವೆತವನ್ನಲ್ಲ.

ಹಾಗಾದರೆ ಮೇಲ್ಮೈಯನ್ನು ಮಾತ್ರ ಗಡಸು ಮಾಡಬಹುದೇ? ಸಾಧಾರಣ ಉಕ್ಕಿಗೆ ನೈಟ್ರೋಜನ್ ಊಡಿಸುವ ನೈಟ್ರೈಡಿಂಗ್ ವಿಧಾನ 1920ರ ದಶಕದಿಂದಲೂ ಬಳಕೆಯಲ್ಲಿದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾತ್ರ ಆ ಪೊರೆಯೇ ನೈಟ್ರೋಜನ್ನಿಗೂ ಅಡ್ಡ ನಿಲ್ಲುತ್ತದೆ. ಇಲ್ಲಿ ನೆರವಿಗೆ ಬರುವುದು ಪ್ಲಾಸ್ಮಾ. ಗಾಳಿ ತೆಗೆದ ಕೊಠಡಿಯೊಳಗೆ ನೈಟ್ರೋಜನ್ ಮತ್ತು ಹೈಡ್ರೋಜನ್ ಮಿಶ್ರಣವನ್ನು ಅತಿ ಕಡಿಮೆ ಒತ್ತಡದಲ್ಲಿ ತುಂಬಿ, ಉಕ್ಕಿನ ಭಾಗವನ್ನು ಕ್ಯಾಥೋಡ್ ಮಾಡಿ ಕೆಲವು ನೂರು ವೋಲ್ಟ್ ಕೊಡುತ್ತಾರೆ. ಟ್ಯೂಬ್‌ಲೈಟಿನಂತೆ ಅನಿಲ ಹೊಳೆಯತೊಡಗುತ್ತದೆ. ಅಯಾನುಗಳು ಬಡಿದು ಪೊರೆ ಕಿತ್ತುಹೋಗುತ್ತದೆ. ನೈಟ್ರೋಜನ್ ಪರಮಾಣುಗಳು ಲೋಹದೊಳಗೆ ಇಳಿಯುತ್ತವೆ.

ಮುಂದಿನದೆಲ್ಲ ಉಷ್ಣತೆಯ ಆಟ. ಹಿಂದೊಮ್ಮೆ ಹಾಸನದ ಗೆಳೆಯರೊಬ್ಬರು 304ರ ಸ್ಲೀವ್ ಒಂದನ್ನು ನೈಟ್ರೈಡಿಂಗ್ ಮಾಡಿಸಿ ತಂದರು. ಅರ ಹಾಕಿದರೆ ಅರವೇ ಜಾರುತ್ತಿತ್ತು. ಎರಡೇ ತಿಂಗಳಲ್ಲಿ ಅದರ ಮೇಲೆ ಕಂದು ತುಕ್ಕು! ವಿಚಾರಿಸಿದರೆ, ಸಾಧಾರಣ ಉಕ್ಕಿನ ಗೇರುಗಳ ಜೊತೆಗೇ ಸೇರಿಸಿ 560 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾಡಿದ್ದರು. ಅಷ್ಟು ಬಿಸಿಯಲ್ಲಿ ನೈಟ್ರೋಜನ್ ಕ್ರೋಮಿಯಂನೊಡನೆ ಕೂಡಿ ಕ್ರೋಮಿಯಂ ನೈಟ್ರೈಡ್ ಕಣಗಳಾಗುತ್ತದೆ. ಗಡಸುತನವೇನೋ ಬರುತ್ತದೆ, ಪೊರೆ ಕಟ್ಟಲು ಬೇಕಾದ ಕ್ರೋಮಿಯಂ ಉಳಿಯುವುದಿಲ್ಲ.

420 ಡಿಗ್ರಿಯ ಸುತ್ತಮುತ್ತ ನಡೆಯುವುದೇ ಬೇರೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಮಕ್ಕಳು ನುಸುಳಿ ಹೋಗುತ್ತಾರೆ, ದೊಡ್ಡವರು ನಿಂತಲ್ಲೇ ನಿಲ್ಲುತ್ತಾರೆ, ಅಲ್ಲವೇ? ಹಾಗೆಯೇ ಚಿಕ್ಕ ನೈಟ್ರೋಜನ್ ಪರಮಾಣು ಸ್ಫಟಿಕಜಾಲದ ಸಂದುಗಳಲ್ಲಿ ಒಳನುಸುಳುತ್ತದೆ. ಕ್ರೋಮಿಯಂ ಕದಲದು, ಕಣ ಕಟ್ಟಲೂ ಆಗದು. ಜಾಲ ಹಿಗ್ಗಲು ಹವಣಿಸುತ್ತದೆ, ಕೆಳಗಿನ ಲೋಹ ಬಿಡುವುದಿಲ್ಲ. ಬಿಗಿದುಕೊಂಡ ಈ ಪದರದ ಗಡಸುತನ ಸಾವಿರ ವಿಕರ್ಸ್ ದಾಟುತ್ತದೆ, ಕ್ರೋಮಿಯಂ ಮಾತ್ರ ಇದ್ದಲ್ಲೇ ಇರುತ್ತದೆ. 1985ರಲ್ಲಿ ಬರ್ಮಿಂಗ್‌ಹ್ಯಾಮಿನ ಜಾಂಗ್ ಮತ್ತು ಬೆಲ್ ವರ್ಣಿಸಿದ ಇದಕ್ಕೆ 'ಎಸ್ ಪ್ರಾವಸ್ಥೆ' ಎಂದು ಹೆಸರು. ಭಾರತದಲ್ಲಿ ಪ್ಲಾಸ್ಮಾ ನೈಟ್ರೈಡಿಂಗನ್ನು ಕೈಗಾರಿಕೆಗಳಿಗೆ ತಲುಪಿಸುವಲ್ಲಿ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ಪಾತ್ರ ದೊಡ್ಡದು.

ಆದರೆ ಹತ್ತಿಪ್ಪತ್ತು ಗಂಟೆ ಕಾದರೂ ಸಿಗುವ ಪದರ ಹತ್ತಿಪ್ಪತ್ತು ಮೈಕ್ರೋಮೀಟರ್, ತಲೆಗೂದಲಿಗಿಂತ ತೆಳು. ಆದ್ದರಿಂದ ಭಾಗವನ್ನು ಅಂತಿಮ ಅಳತೆಗೆ ತಂದ ನಂತರವೇ ನೈಟ್ರೈಡಿಂಗಿಗೆ ಕೊಡಬೇಕು. ಆಮೇಲೆ ಗ್ರೈಂಡಿಂಗ್ ಮಾಡಿದರೆ ಪದರವೇ ಹೋಯಿತು. ನೈಟ್ರೈಡಿಂಗ್ ಮಾಡಿದ 304ರ ಚೂರು ನಿಮ್ಮ ಕೈಗೆ ಸಿಕ್ಕಿದರೆ, ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆ ಸುತ್ತಿ ಕೆಲವು ದಿನ ಇಡಿ. ಕಂದು ಕಲೆ ಮೂಡಿತೆಂದರೆ ಕುಲುಮೆ ಹೆಚ್ಚು ಕಾದಿತ್ತೆಂಬ ಅನುಮಾನ ಪಡಬಹುದು.